ನೇತ್ರಾಣಿಗೆ ಯಾವ ರಜೆಯಲ್ಲಿ ಹೋಗೋದು? ಕಡಲ ನೀರು ಯಾವಾಗ ಬೆಚ್ಚಗಿರುತ್ತೆ?

ಬೆಣ್ಣೆನಗರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನಾನು, ಯಜಮಾನರು, ಹನ್ನೊಂದು ವರ್ಷದ ಮಗಳು. ಶಾಲೆಯಿಂದ ಮುರ್ಡೇಶ್ವರಕ್ಕೆ ಪ್ರವಾಸ ಹೋದಾಗ ಯಾರೋ ಕಡಲಿನ ಕಡೆ ಕೈ ತೋರಿಸಿ, "ಅಲ್ಲಿ ನೇತ್ರಾಣಿ ದ್ವೀಪ ಇದೆ, ನೀರಿಗಿಳಿದರೆ ಬಣ್ಣಬಣ್ಣದ ಮೀನು ಕಾಣುತ್ತೆ" ಅಂದರಂತೆ. ಅವತ್ತಿಂದ ಮನೆಯಲ್ಲಿ ಅದೇ ಮಾತು. ಅವಳಿಗೆ ಸ್ನಾರ್ಕೆಲಿಂಗ್, ಅಂದರೆ ಉಸಿರುಕೊಳವೆ ಕಚ್ಚಿ ಮೇಲೆ ತೇಲುತ್ತಾ ಕೆಳಗೆ ನೋಡುವುದು, ಮಾಡಿಸಬೇಕು. ನನಗೂ ಒಂದು ಸಲ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಇಳಿಯುವ ಆಸೆ ಇದೆ. ಯಜಮಾನರು ಬೋಟಿನಲ್ಲೇ ಕೂತಿರುತ್ತೇನೆ ಅಂತಿದ್ದಾರೆ.

ನನ್ನ ಚಿಂತೆ ಇರುವುದು ಚಳಿಯದ್ದು. ಮಗಳು ತೆಳ್ಳಗಿದ್ದಾಳೆ. ಈಜು ಚೆನ್ನಾಗಿ ಬರುತ್ತೆ. ಆದರೆ ಇಲ್ಲಿನ ಈಜುಕೊಳದಲ್ಲಿ ಅರ್ಧ ಗಂಟೆ ಆದರೆ ಸಾಕು, ತುಟಿ ನೀಲಿಯಾಗುತ್ತೆ, ಹಲ್ಲು ಕಟಕಟ ಅನ್ನೋಕೆ ಶುರುವಾಗುತ್ತೆ. ಇನ್ನು ಕಡಲಿನ ಮಧ್ಯೆ, ಗಾಳಿಯಲ್ಲಿ, ಒದ್ದೆ ಮೈಯಲ್ಲಿ ಏನು ಗತಿ?

ನಮಗೆ ಸಿಗುವುದು ಮೂರೇ ರಜೆ. ದಸರಾ, ಡಿಸೆಂಬರ್ ಕೊನೆಯ ವಾರ, ಇಲ್ಲವೇ ಏಪ್ರಿಲ್-ಮೇ. ಮೊಬೈಲಿನಲ್ಲಿ ಹುಡುಕಿದರೆ ಒಂದು ತಿಂಗಳಿಗೆ 28 ಡಿಗ್ರಿ, ಇನ್ನೊಂದಕ್ಕೆ 29, ಮತ್ತೊಂದಕ್ಕೆ 30 ಅಂತ ತೋರಿಸುತ್ತೆ. ಈ ಒಂದೆರಡು ಡಿಗ್ರಿಯಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ? ಅತಿ ಬೆಚ್ಚಗಿರುವುದು ಮೇ ತಿಂಗಳು ಅಂತ ಕಾಣುತ್ತೆ, ಹಾಗಾದರೆ ಆಗಲೇ ಹೋಗುವುದು ಒಳ್ಳೆಯದಾ? ಅಥವಾ ದುಡ್ಡು ಕೂಡಿಟ್ಟು ಅಂಡಮಾನಿಗೇ ಹೋಗಬೇಕಾ? ಹೋಗಿ ಬಂದವರು, ಅಲ್ಲೇ ಕೆಲಸ ಮಾಡುವವರು ದಯವಿಟ್ಟು ತಿಳಿಸಿ.

ಪಾತಿದೋಣಿ, ಹೊನ್ನಾವರ

ಅಕ್ಕಾ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. ಸೀಸನ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ಡೈವಿಂಗ್ ಬೋಟಿನಲ್ಲಿ ಕೆಲಸ. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಕೇಳುವ ಮೊದಲ ಪ್ರಶ್ನೆಯೇ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮಗಳಿಗೆ ಚಳಿ ಆಗುವುದು ಸಹಜ. ಗಾಳಿಗಿಂತ ನೀರು ನಮ್ಮ ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. 28 ಡಿಗ್ರಿ ಗಾಳಿಯಲ್ಲಿ ನಾವು ಫ್ಯಾನ್ ಹಾಕುತ್ತೇವೆ. ಅದೇ 28 ಡಿಗ್ರಿ ನೀರಿನಲ್ಲಿ ಸುಮ್ನೆ ತೇಲುತ್ತಿದ್ದರೆ ಒಂದು ಗಂಟೆಯೊಳಗೆ ದೊಡ್ಡವರೂ ನಡುಗುತ್ತಾರೆ. ಕೈಕಾಲು ಆಡಿಸದೆ ಇದ್ದರೂ ಚಳಿ ಆಗಬಾರದು ಅಂದರೆ ನೀರು 33-34 ಡಿಗ್ರಿ ಇರಬೇಕು. ಅಷ್ಟು ಬಿಸಿಯ ಕಡಲು ನಮ್ಮ ಕರಾವಳಿಯಲ್ಲಿ ಯಾವ ತಿಂಗಳಲ್ಲೂ ಇಲ್ಲ. ಮಕ್ಕಳ ಮೈ ಸಣ್ಣದು, ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತಾರೆ. ಇನ್ನು ಈಜುಕೊಳದ ಮಾತು. ಸ್ಪರ್ಧೆ ನಡೆಸುವ ಕೊಳದಲ್ಲೇ ನೀರು 25ರಿಂದ 28 ಡಿಗ್ರಿ ಇದ್ದರೆ ಸಾಕು ಅಂತ ನಿಯಮ. ಬಿಸಿಲಿಗೆ ತೆರೆದ ಕೊಳ ಚಳಿಗಾಲದ ಬೆಳಿಗ್ಗೆ ಅದಕ್ಕಿಂತಲೂ ತಂಪಾಗಿರುತ್ತದೆ. ಅಂದರೆ ಅವಳು ಈಗ ಈಜುತ್ತಿರುವ ನೀರಿಗಿಂತ ನೇತ್ರಾಣಿಯ ನೀರು ಬೆಚ್ಚಗೇ ಇರುತ್ತದೆ. ಧೈರ್ಯವಾಗಿರಿ.

ಈಗ ತಿಂಗಳ ವಿಷಯ. ಮೊಬೈಲು ತೋರಿಸುವ ಅಂಕಿ ಹೆಚ್ಚಾಗಿ ಉಪಗ್ರಹದ ಲೆಕ್ಕ. ಅದು ಕಡಲಿನ ಮೇಲ್ಪದರದ್ದು ಮಾತ್ರ. ಕೆಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ನಮ್ಮ ಕಡಲಿನಲ್ಲಿ ಮೇಲೊಂದು ಕೆಳಗೊಂದು ಇರುವ ಕಾಲವೂ ಇದೆ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ಗಾಳಿಯ ಬಲಕ್ಕೆ ತೀರದ ಮೇಲ್ನೀರು ಆಚೆಗೆ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಂಪು ನೀರು ಮೇಲಕ್ಕೆ ಬರುತ್ತದೆ. ಆ ನೀರಿನಲ್ಲಿ ಸತ್ವ ಇರುತ್ತದೆ. ನಮ್ಮ ಬಂಗಡೆ, ತಾರ್ಲೆ ಎಲ್ಲ ಅದನ್ನೇ ನೆಚ್ಚಿಕೊಂಡು ಬೆಳೆಯುವವು. ಮೀನಿಗೆ ಅದು ಹಬ್ಬ, ನೀರಿಗಿಳಿದು ನೋಡುವವರಿಗೆ ಏನೂ ಕಾಣುವುದಿಲ್ಲ. ಜೊತೆಗೆ ಶರಾವತಿ, ಅಘನಾಶಿನಿ, ಕಾಳಿ ಎಲ್ಲ ಕೆಂಪು ನೀರು ತಂದು ಸುರಿಯುತ್ತವೆ. ತೆರೆಯಂತೂ ಕೇಳಲೇಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡಿದ ಮೇಲೂ ಡೈವಿಂಗ್ ಬೋಟುಗಳು ಸೆಪ್ಟೆಂಬರ್ ಕಳೆಯಲಿ ಅಂತ ಕಾಯುತ್ತವೆ.

ನಿಮ್ಮ ದಸರಾ ರಜೆ ಈ ಬಾಗಿಲಲ್ಲೇ ಬರುತ್ತದೆ. ಮಳೆ ಬೇಗ ಬಿಟ್ಟ ವರ್ಷ ಅಕ್ಟೋಬರ್ ಕೊನೆಗೆ ನೀರು ತಿಳಿಯಾಗಿರುತ್ತದೆ. ಇಲ್ಲದಿದ್ದರೆ ಮೇಲ್ನೀರು 28 ಅಂತ ಹೇಳುತ್ತಿರುವಾಗಲೇ ಹತ್ತು-ಹದಿನೈದು ಮೀಟರಿನ ಕೆಳಗೆ ಮಳೆಗಾಲದ ತಂಪು ನೀರು ಇನ್ನೂ ಮಲಗಿರುತ್ತದೆ. ಎರಡೂ ಸೇರುವ ಜಾಗವನ್ನು ಕಣ್ಣಾರೆ ನೋಡಬಹುದು. ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ನೀರು ಕಲಕಲಾಗಿ ಕಾಣುತ್ತದೆ. ಅದರೊಳಕ್ಕೆ ಇಳಿದರೆ ಮೊದಲು ತಂಪು ತಟ್ಟುವುದು ಮೊಣಕಾಲಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಮುಖವಾಡದ ಸುತ್ತ ಹಣೆಗೆ. ಮೇಲಿದ್ದಾಗ ಆರಾಮಾಗಿ ಉಸಿರಾಡುತ್ತಿದ್ದವರು ಇಲ್ಲಿ ಗಬಕ್ಕನೆ ಒಂದು ಉಸಿರು ಎಳೆಯುತ್ತಾರೆ. ಅಭ್ಯಾಸ ಇದ್ದವರಿಗೆ ಪರವಾಗಿಲ್ಲ. ಮೊದಲ ಸಲ ಇಳಿಯುವವರಿಗೆ ಗಾಬರಿ ಹುಟ್ಟಿಸಲು ಅಷ್ಟು ಸಾಕು. ನಿಮಗೆ ಅಕ್ಟೋಬರ್ ಬೇಡ ಅಂತ ನಾನು ಹೇಳುವುದು ಅದಕ್ಕೇ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ನೀರು 27-28ರ ಆಸುಪಾಸು. ಮೇಲಿಂದ ಕೆಳಗಿನ ತನಕ ಹೆಚ್ಚುಕಮ್ಮಿ ಒಂದೇ ಹದ. ಬೆಳಿಗ್ಗೆ ಕಡಲು ತಣ್ಣಗೆ ಮಲಗಿರುತ್ತದೆ. ಒಳ್ಳೆಯ ದಿನ ಬೋಟಿನ ಮೇಲೆ ನಿಂತು ಬಗ್ಗಿದರೆ ಕೆಳಗಿನ ಬಂಡೆ ಕಾಣುತ್ತದೆ. ಏಪ್ರಿಲ್-ಮೇನಲ್ಲಿ ನೀರು 30 ಮುಟ್ಟುತ್ತದೆ, ಕೆಲವು ಸಲ ದಾಟುತ್ತದೆ. ಚಳಿಯೊಂದನ್ನೇ ನೋಡಿದರೆ ಮೇ ಸುಖ. ಆದರೆ ಮೇ ಮಧ್ಯದ ಮೇಲೆ ಗಾಳಿ ತಿರುಗುತ್ತದೆ, ಮಧ್ಯಾಹ್ನಕ್ಕೆ ತೆರೆ ಏಳುತ್ತದೆ, ಟ್ರಿಪ್ಪು ರದ್ದಾಗುವುದು ಜಾಸ್ತಿ. ಬೋಟಿನಲ್ಲಿ ಬಿಸಿಲೂ ವಿಪರೀತ. ಮಕ್ಕಳು ನೀರಿನಲ್ಲಿ ಚೆನ್ನಾಗಿದ್ದು ಬೋಟಿನಲ್ಲಿ ಬಳಲುತ್ತಾರೆ.

ನನ್ನನ್ನು ಕೇಳಿದರೆ ಡಿಸೆಂಬರ್ ಕೊನೆಯ ವಾರ. ಒಂದೆರಡು ಡಿಗ್ರಿ ಕಡಿಮೆ ಇದ್ದರೆ ಅದನ್ನು ಬಟ್ಟೆಯಿಂದ ಸರಿಮಾಡಬಹುದು. ರಾಡಿ ನೀರನ್ನು ಯಾವ ಬಟ್ಟೆಯೂ ಸರಿಮಾಡುವುದಿಲ್ಲ.

ಬಟ್ಟೆ ಅಂದರೆ ವೆಟ್‌ಸೂಟ್. ರಬ್ಬರಿನಂಥ ದಪ್ಪ ಬಟ್ಟೆ, ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ನುಸುಳಿದ ಒಂದಿಷ್ಟು ನೀರನ್ನು ಮೈಗೆ ಅಂಟಿಸಿ ಇಟ್ಟುಕೊಳ್ಳುತ್ತದೆ, ನಮ್ಮ ಮೈಬಿಸಿಗೆ ಆ ನೀರೇ ಬೆಚ್ಚಗಾಗುತ್ತದೆ. ಹಾಗಾಗಿ ಅದು ಬಿಗಿಯಾಗಿರಬೇಕು. ಮಗಳಿಗೆ 3 ಮಿಲಿಮೀಟರ್ ದಪ್ಪದ್ದು, ಪೂರ್ತಿ ತೋಳು, ಪೂರ್ತಿ ಕಾಲಿನದ್ದು ಕೇಳಿ. ಬೋಟಿನವರ ಹತ್ತಿರ ಮಕ್ಕಳ ಅಳತೆ ಇಲ್ಲದೆ ದೊಡ್ಡವರ ಚಿಕ್ಕ ಸೈಜು ಕೊಟ್ಟರೆ ಒಪ್ಪಿಕೊಳ್ಳಬೇಡಿ. ಕುತ್ತಿಗೆಯ ಹತ್ತಿರ ಎರಡು ಬೆರಳು ಸಲೀಸಾಗಿ ಹೋದರೆ ಅಲ್ಲಿಂದ ಹೊಸ ನೀರು ಒಳಗೆ ಬರುತ್ತಲೇ ಇರುತ್ತದೆ, ಹಾಕಿಕೊಂಡೂ ಪ್ರಯೋಜನವಿಲ್ಲ. ಫೋನಿನಲ್ಲೇ ಅವಳ ಎತ್ತರ, ತೂಕ ಹೇಳಿ ಮುಂಚೆ ಖಾತ್ರಿ ಮಾಡಿಕೊಳ್ಳಿ. ವೆಟ್‌ಸೂಟ್ ತೇಲಿಸುತ್ತದೆ ಕೂಡ. ಅದರ ಮೇಲೆ ಲೈಫ್ ಜಾಕೆಟ್ ಹಾಕಿದರೆ ಸ್ನಾರ್ಕೆಲಿಂಗ್ ಮಾಡುವ ಮಗು ಶ್ರಮವಿಲ್ಲದೆ ಮುಖ ಕೆಳಗೆ ಮಾಡಿ ನೋಡುತ್ತಾ ಇರಬಹುದು.

ನೀವು ಸ್ಕೂಬಾ ಇಳಿಯುವಾಗ ಒಂದು ನೆನಪಿಡಿ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದ್ದರ ಎರಡರಷ್ಟು. ಆ ಗಾಳಿಗುಳ್ಳೆಗಳು ಕುಗ್ಗಿ ಬಟ್ಟೆ ತೆಳ್ಳಗಾಗುತ್ತದೆ, ಬೆಚ್ಚಗೆ ಇಡುವ ಶಕ್ತಿಯೂ ಕಡಿಮೆಯಾಗುತ್ತದೆ. ಮೇಲೆ ಸಾಕು ಅನ್ನಿಸಿದ್ದು ಕೆಳಗೆ ಸಾಲದೆ ಹೋಗಬಹುದು. ಚಳಿ ಆದರೆ ಜೊತೆಗಿಳಿಯುವ ಡೈವಿಂಗ್ ಮೇಷ್ಟ್ರಿಗೆ ಕೈಸನ್ನೆ ಮಾಡಿ ಮೇಲೆ ಬನ್ನಿ, ಸಂಕೋಚ ಬೇಡ.

ನಿಜವಾಗಿ ಮಕ್ಕಳಿಗೆ ಚಳಿ ಹತ್ತುವುದು ನೀರಿನಿಂದ ಹತ್ತಿ ಬಂದ ಮೇಲೆ. ಒದ್ದೆ ಬಟ್ಟೆ, ಮೇಲೆ ಗಾಳಿ. ದಡದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್, ಬೋಟನ್ನು ನೋಡಿಕೊಂಡು ಒಂದರಿಂದ ಒಂದೂವರೆ ಗಂಟೆ. ವಾಪಸ್ ಬರುವಾಗ ಅಷ್ಟೂ ಹೊತ್ತು ಗಾಳಿ ಹೊಡೆಯುತ್ತದೆ. ಒಂದು ಒಣ ಟವೆಲ್, ತಲೆಗೆ ಟೋಪಿ, ಗಾಳಿ ನುಗ್ಗದ ಒಂದು ಜರ್ಕಿನ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ಹತ್ತಿದ ತಕ್ಷಣ ವೆಟ್‌ಸೂಟ್ ಬಿಚ್ಚಿಸಿ, ಮೈ ಒರೆಸಿ, ಒಣಬಟ್ಟೆ ಹಾಕಿಸಿ. ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಕೊತ್ತಂಬರಿ-ಜೀರಿಗೆ ಕಷಾಯ, ಹಾಲು ಹಾಕದೆ. ಹಾಲು ಹಾಕಿದ್ದು ತೆರೆಯಲ್ಲಿ ಹೊಟ್ಟೆ ತೊಳಸುತ್ತದೆ.

ತುಟಿ ನೀಲಿಯಾಗುವ ತನಕ ಕಾಯಬೇಡಿ. ಅದಕ್ಕಿಂತ ಮುಂಚೆ ಮಗು ಮಾತು ಕಡಿಮೆ ಮಾಡುತ್ತದೆ, ಕೈಗಳನ್ನು ಎದೆಗೆ ಒತ್ತಿಕೊಳ್ಳುತ್ತದೆ. ಅಷ್ಟಾದರೆ ಮೇಲೆ ಹತ್ತಿಸಿ. ಇಪ್ಪತ್ತು ನಿಮಿಷ ನೀರು, ಸ್ವಲ್ಪ ಹೊತ್ತು ಬಿಸಿಲು, ಮತ್ತೆ ಇಪ್ಪತ್ತು ನಿಮಿಷ ನೀರು, ಹೀಗೆ ಮಾಡಿದರೆ ಅವಳು ಖುಷಿಯಾಗಿರುತ್ತಾಳೆ.

ಮುಖ ನೀರಿಗೆ ಹಾಕಿದ ಮೇಲೆ ಒಂದು ನಿಮಿಷ ಕೈಕಾಲು ಆಡಿಸದೆ ಸುಮ್ನೆ ಇರಲು ಹೇಳಿ. ಕಟ್ ಕಟ್ ಅಂತ ಸದ್ದು ಕೇಳಿಸುತ್ತದೆ. ಗಿಳಿಮೀನು ಬಂಡೆ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಸದ್ದು ಅದರಲ್ಲಿ ಇರುತ್ತದೆ. ಅಷ್ಟರಲ್ಲಿ ಹಳದಿ ಬೆನ್ನಿಗೆ ಕಪ್ಪು ಪಟ್ಟೆ ಇರುವ ಸಣ್ಣ ಮೀನುಗಳು ಮಗುವಿನ ಬೆರಳ ತುದಿಗೇ ಬಂದು ನೋಡಿ ಹೋಗುತ್ತವೆ.

ಬೆಣ್ಣೆನಗರಿ ಅಮ್ಮ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕುತ್ತಿಗೆ ಹತ್ತಿರ ಎರಡು ಬೆರಳು ಹಾಕಿ ನೋಡುವ ವಿಷಯ ಎಲ್ಲೂ ಓದಿರಲಿಲ್ಲ. ಎರಡು ಸಂಶಯ ಉಳಿದಿವೆ. ಯಜಮಾನರ ಅಕ್ಕನ ಮಕ್ಕಳೂ ಬರುತ್ತೇವೆ ಅಂತಿದ್ದಾರೆ, ಅವರಿಗೆ ಮೇ ತಿಂಗಳೇ ಅನುಕೂಲ. ತೆರೆ ಇಲ್ಲದ ದಿನ ನೋಡಿಕೊಂಡು ಮೇ ಮೊದಲ ವಾರ ಹೋದರೆ ಆಗಲ್ವಾ? ಇನ್ನೊಂದು, ಅಂಡಮಾನಿನಲ್ಲಿ ನೀರು ಇದಕ್ಕಿಂತ ಬೆಚ್ಚಗಿರುತ್ತಾ?

ಕೋಡಿಬಾಗದ ಹುಡುಗಿ

ಅಕ್ಕಾ, ನಾನು ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಮೇ ತಿಂಗಳ ಬಗ್ಗೆ ಒಂದು ಮಾತು ಹೇಳಲೇಬೇಕು ಅನ್ನಿಸಿತು.

ನಮಗೆ ಹಿತವಾದ ಬಿಸಿ ಹವಳಕ್ಕೆ ಹಿತವಲ್ಲ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುವುದು ಆ ಪಾಚಿಯೇ. ಬಣ್ಣವೂ ಬಹುಪಾಲು ಅದರದ್ದೇ. ಆ ಜಾಗದ ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಮೇಲೆ ಬೆಳ್ಳಗೆ ಸುಣ್ಣದ ಎಲುಬು ಕಾಣುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ನೀವು ಕೇಳಿದ್ದಿರಲ್ಲ, ಒಂದೆರಡು ಡಿಗ್ರಿಯಿಂದ ವ್ಯತ್ಯಾಸ ಆಗುತ್ತಾ ಅಂತ. ನಿಮಗಿಂತ ಹವಳಕ್ಕೆ ಅದು ಜೀವದ ಪ್ರಶ್ನೆ.

ನಮ್ಮ ಅರಬ್ಬಿ ಕಡಲಿನ ತೆಂಕಣ ಭಾಗ, ಲಕ್ಷದ್ವೀಪದ ಸುತ್ತಮುತ್ತ, ಮಳೆಗಾಲಕ್ಕೆ ಮುಂಚೆ ಏಪ್ರಿಲ್-ಮೇನಲ್ಲಿ 30 ದಾಟಿ ಕಾಯುತ್ತದೆ. ಲಕ್ಷದ್ವೀಪದ ಹವಳ 1998ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಳಚಿತು. ಆಮೇಲೆ 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಕ್ಕೂ ಹಾಗೇ ಆಯಿತು. 2024ರ ಏಪ್ರಿಲ್‌ನಲ್ಲಿ ಲೋಕದ ತುಂಬ ನಾಲ್ಕನೇ ಸಲ ಹೀಗಾಗುತ್ತಿದೆ ಅಂತ ಅಮೆರಿಕದ ಕಡಲು-ಹವಾಮಾನ ಸಂಸ್ಥೆಯೇ ಘೋಷಿಸಿತು. ಒಂದು ಸಲ ಬಿಳಚಿದ ಹವಳ ಪೂರ್ತಿ ಸುಧಾರಿಸಲು ಹಲವು ವರ್ಷ ಬೇಕು. ಈಗ ಅದಕ್ಕೆ ಅಷ್ಟು ಬಿಡುವು ಸಿಗುತ್ತಿಲ್ಲ. ಇದು ನನಗೆ ತುಂಬಾ ಸಂಕಟ ತರುವ ವಿಷಯ.

ಹೈದರಾಬಾದಿನಲ್ಲಿ ಇನ್‌ಕಾಯಿಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಕಡಲಿನ ತೆರೆ, ಗಾಳಿ, ಬಿಸಿ ಎಲ್ಲದರ ಮುನ್ಸೂಚನೆ ಕೊಡುತ್ತದೆ. ಅಂಡಮಾನ್, ಲಕ್ಷದ್ವೀಪದಂಥ ಹವಳದ ಜಾಗಗಳಿಗೆ ಬಿಳಚುವ ಅಪಾಯ ಇದ್ದರೆ ಎಚ್ಚರಿಕೆಯನ್ನೂ ಹಾಕುತ್ತದೆ. ಬೇಸಿಗೆಯಲ್ಲಿ ಹೋಗುವವರು ಅದನ್ನು ನೋಡಿ ದಿನ ಗೊತ್ತುಮಾಡಿದರೆ ಒಳ್ಳೆಯದು. ಎಚ್ಚರಿಕೆ ಇರುವ ವಾರಗಳಲ್ಲಿ ಹವಳದ ಮೇಲೆ ಹೋಗದೇ ಇದ್ದರೆ ಅದಕ್ಕೆ ಅಷ್ಟು ತೊಂದರೆ ಕಡಿಮೆ. ಬಳಲಿದ ಹವಳಕ್ಕೆ ಈಜುವವರು ಕಾಲಿಗೆ ಹಾಕುವ ರೆಕ್ಕೆ ತಾಗಿದರೂ, ಮರಳು ಎದ್ದು ಬಿದ್ದರೂ ಪೆಟ್ಟೇ.

ನೇತ್ರಾಣಿಯಲ್ಲಿ ಬಂಡೆ ಜಾಸ್ತಿ. ಹವಳ ಆ ಬಂಡೆಗಳ ಮೇಲೆ ಅಲ್ಲಲ್ಲಿ ಹಬ್ಬಿದೆ. ಇರುವುದು ಸ್ವಲ್ಪ ಅಂತಲೇ ಅದನ್ನು ಜೋಪಾನ ಮಾಡಬೇಕು. ಮಗಳಿಗೆ ಸನ್‌ಸ್ಕ್ರೀನ್ ಬಳಿಯುವ ಬದಲು ತೋಳು ಮುಚ್ಚುವ ಈಜು ಅಂಗಿ ಹಾಕಿಸಿ. ಕೆಲವು ಸನ್‌ಸ್ಕ್ರೀನಿನಲ್ಲಿರುವ ಆಕ್ಸಿಬೆನ್‌ಝೋನ್ ಹವಳಕ್ಕೆ ಕೆಟ್ಟದ್ದು ಅಂತ ಹವಾಯಿಯಲ್ಲಿ 2021ರಿಂದ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ. ಅಂಗಿ ಹಾಕಿದರೆ ಬಿಸಿಲಿಗೂ ಆಯಿತು, ಚಳಿಗೂ ಸ್ವಲ್ಪ ಆಯಿತು.

ಅಂಡಮಾನಿನ ನೀರು ಬೇರೆ ಲೋಕದ್ದೇನಲ್ಲ. ಜನವರಿ-ಫೆಬ್ರವರಿಯಲ್ಲಿ 27-28, ಏಪ್ರಿಲ್-ಮೇನಲ್ಲಿ 30ರ ಹತ್ತಿರ. ನೇತ್ರಾಣಿಗೂ ಅದಕ್ಕೂ ವ್ಯತ್ಯಾಸ ಬಿಸಿಯಲ್ಲಿಲ್ಲ, ತಿಳಿಯಲ್ಲಿದೆ. ಅಲ್ಲಿ ದೊಡ್ಡ ನದಿ ಇಲ್ಲ, ಹವಳದ ದಿಬ್ಬ ದಡದ ಪಕ್ಕದಲ್ಲೇ ಇದೆ. ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚಿನಲ್ಲಿ ಮಕ್ಕಳು ದಡದಿಂದಲೇ ನಡೆದು ಹೋಗಿ ಮುಖ ಮುಳುಗಿಸಿ ನೋಡಬಹುದು. ಚಳಿ ಆದರೆ ಎದ್ದು ಮರಳ ಮೇಲೆ ಕೂರಬಹುದು. ನೇತ್ರಾಣಿಯಲ್ಲಿ ಆ ಸೌಕರ್ಯ ಇಲ್ಲ, ದ್ವೀಪಕ್ಕೆ ಇಳಿಯಲು ಬಿಡುವುದಿಲ್ಲ. ಆದರೆ ಅಂಡಮಾನಿನಲ್ಲಿ ಮಳೆ ನವೆಂಬರ್ ತನಕ ಎಳೆಯುತ್ತದೆ, ಡಿಸೆಂಬರ್‌ನಲ್ಲೂ ಒಮ್ಮೊಮ್ಮೆ ವಾಯುಭಾರ ಕುಸಿತ ಆಗಿ ಹಡಗು ನಿಲ್ಲುತ್ತದೆ. ಹೋದರೆ ಜನವರಿಯಿಂದ ಮಾರ್ಚ್ ಒಳಗೆ.

ಮಸ್ಕತ್ತಿನಿಂದ ಮಂಗಳೂರಿಗ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಗಲ್ಫ್‌ನಲ್ಲಿರುವ ಕನ್ನಡದವರಿಗೆ ಉಪಯೋಗ ಆಗಲಿ ಅಂತ ಇಲ್ಲಿನದ್ದೂ ಸೇರಿಸುತ್ತೇನೆ.

ನಾವು ಮಸ್ಕತ್ತಿನಿಂದ ದೈಮಾನಿಯಾತ್ ದ್ವೀಪಗಳಿಗೆ ಹೋಗುತ್ತೇವೆ. ರಕ್ಷಿತ ಜಾಗ, ಆಮೆಗಳು ಮೊಟ್ಟೆಯಿಡುವ ದ್ವೀಪ. ಪರವಾನಗಿಯನ್ನು ಬೋಟಿನವರೇ ಮಾಡಿಸುತ್ತಾರೆ. ಮರುಭೂಮಿ ದೇಶ, ನೀರು ಯಾವಾಗಲೂ ಬಿಸಿ ಅಂತ ಊರಿಂದ ಬಂದ ನೆಂಟರೆಲ್ಲ ಅಂದುಕೊಂಡಿರುತ್ತಾರೆ. ಬೇಸಿಗೆಯಲ್ಲಿ 30 ದಾಟುವುದು ನಿಜ. ಆದರೆ ಜನವರಿ-ಫೆಬ್ರವರಿಯಲ್ಲಿ 23ರ ಹತ್ತಿರ ಇಳಿಯುತ್ತದೆ. ನಮ್ಮ ಉಳ್ಳಾಲ, ಪಣಂಬೂರಿನಲ್ಲಿ ಬೆಳೆದವರಿಗೆ ಅದು ಐಸ್ ನೀರೇ. ಆಗ 5 ಮಿಲಿಮೀಟರ್ ವೆಟ್‌ಸೂಟ್ ಇಲ್ಲದೆ ನಾನು ಇಳಿಯುವುದಿಲ್ಲ. ಫುಜೈರಾದ ಕಡೆ ಹೋಗುವ ದುಬೈ ಗೆಳೆಯರ ಅನುಭವವೂ ಇದೇ.

ಒಮಾನಿನ ತೆಂಕಣ ತೀರದ ಸಲಾಲಾದ್ದು ಇನ್ನೂ ವಿಶೇಷ. ನಮ್ಮ ಊರಿಗೆ ಮಳೆ ತರುವ ಅದೇ ನೈರುತ್ಯ ಗಾಳಿ ಅಲ್ಲಿನ ತೀರದಲ್ಲೂ ಆಳದ ನೀರನ್ನು ಮೇಲೆಳೆಯುತ್ತದೆ, ನಮ್ಮಲ್ಲಿಗಿಂತ ತುಂಬಾ ಜೋರಾಗಿ. ಜುಲೈ-ಆಗಸ್ಟ್‌ನಲ್ಲಿ ಸಲಾಲಾ ಹತ್ತಿರದ ನೀರು 20ಕ್ಕಿಂತ ಕೆಳಗೆ ಹೋಗುತ್ತದೆ. ತಂಪು ದೇಶಗಳಲ್ಲಿ ಕಾಣುವ ಕೆಲ್ಪ್ ಅನ್ನುವ ಉದ್ದನೆಯ ಕಡಲಪಾಚಿ ಆ ಕೆಲವು ತಿಂಗಳು ಅಲ್ಲಿ ಬೆಳೆಯುತ್ತದೆ. ಹೊರಗೆ ಖರೀಫ್ ಅನ್ನುವ ಅಲ್ಲಿನ ಮಳೆಗಾಲದ ಮಂಜು, ಹಸಿರು ಗುಡ್ಡ. ಊರಿನವರು ನೋಡಲು ಹೋಗುವುದೇ ಆಗ. ಅದೇ ಟ್ರಿಪ್ಪಿನಲ್ಲಿ ಡೈವಿಂಗ್ ಮಾಡೋಣ ಅಂದರೆ ಆಗುವುದಿಲ್ಲ, ತೆರೆಗೆ ಎಲ್ಲ ಮುಚ್ಚಿರುತ್ತದೆ. ನವೆಂಬರ್ ಮೇಲೆ ಹೋಗಬೇಕು.

ಪಾತಿದೋಣಿಯವರೇ, ಒಂದು ವಿಷಯ ನೀವು ಹೇಳಿಲ್ಲ. ಈ ಅಕ್ಕ ಡೈವ್ ಮಾಡಿ ಅವತ್ತೇ ದಾವಣಗೆರೆಗೆ ಹೊರಟರೆ ಘಾಟಿ ಹತ್ತಬೇಕಲ್ವಾ?

ಪಾತಿದೋಣಿ, ಹೊನ್ನಾವರ

ಒಳ್ಳೆಯ ಮಾತು ಎತ್ತಿದಿರಿ. ಅದನ್ನು ಬೇರೆಯಾಗಿಯೇ ಬರೆಯಬೇಕು ಅಂತಿದ್ದೆ.

ಸ್ಕೂಬಾದಲ್ಲಿ ಒತ್ತಡದ ಗಾಳಿ ಉಸಿರಾಡುವಾಗ ನೈಟ್ರೋಜನ್ ರಕ್ತದಲ್ಲಿ ಜಾಸ್ತಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಸುತ್ತಲಿನ ಒತ್ತಡ ಇಳಿದು ಮೈಯಲ್ಲಿ ಗುಳ್ಳೆ ಏಳುವ ಅಪಾಯ ಇರುತ್ತದೆ. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡ್ಯಾನ್‌ನವರ ಸಲಹೆ ಹೀಗಿದೆ: ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ದಿನವೂ ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಈ ಸಲಹೆ ಶುರುವಾಗುವ ಎತ್ತರ ಸುಮಾರು 600 ಮೀಟರ್.

ನಮ್ಮ ಬೆಟ್ಟದ ದಾರಿ ನೋಡಿ. ಹೊನ್ನಾವರದಲ್ಲಿ ಕಡಲ ಮಟ್ಟ. ಗೇರುಸೊಪ್ಪೆ ದಾಟಿ ಮಾವಿನಗುಂಡಿ ಘಾಟಿ ಹತ್ತಿದರೆ ಸಾಗರ, ಶಿವಮೊಗ್ಗ, ದಾವಣಗೆರೆ ಎಲ್ಲ 600 ಮೀಟರಿನ ಆಸುಪಾಸಿನಲ್ಲಿವೆ. ಬೆಂಗಳೂರು 900 ದಾಟುತ್ತದೆ. ಬೆಂಗಳೂರಿನ ಹುಡುಗರು ಬೆಳಿಗ್ಗೆ ಡೈವ್ ಮಾಡಿ, ಮಧ್ಯಾಹ್ನ ಊಟ ಮಾಡಿ, ಸಂಜೆಗೆಲ್ಲ ಗಾಡಿ ಹತ್ತಿಬಿಡುತ್ತಾರೆ. ಮೊದಲ ಸಲದವರನ್ನು ಇಳಿಸುವುದು ಹೆಚ್ಚೆಂದರೆ 12 ಮೀಟರ್, ಅದೂ ಸ್ವಲ್ಪ ಹೊತ್ತು. ಅಪಾಯ ಸಣ್ಣದು ಅನ್ನುವುದು ನಿಜ. ಆದರೂ ಅವತ್ತು ರಾತ್ರಿ ಮುರ್ಡೇಶ್ವರದಲ್ಲೇ ಉಳಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಡಲು, ದೇವಸ್ಥಾನ, ಬಿಸಿ ಊಟ ಎಲ್ಲ ಇದೆ. ಮಾರನೇ ದಿನ ಬೆಳಿಗ್ಗೆ ತಿಂಡಿ ಮಾಡಿ ಹೊರಟರೆ ಜೋಗವನ್ನೂ ನೋಡಿಕೊಂಡು ಹೋಗಬಹುದು. ಮಗಳು ಬರೀ ಸ್ನಾರ್ಕೆಲಿಂಗ್ ಮಾಡುವುದರಿಂದ ಅವಳಿಗೆ ಈ ಲೆಕ್ಕ ಇಲ್ಲ.

ಅವಳೂ ಸ್ಕೂಬಾ ಇಳಿಯುತ್ತೇನೆ ಅಂದರೆ, ಕಡಲಿಗೆ ಇಳಿಸಲು ದೊಡ್ಡ ತರಬೇತಿ ಸಂಸ್ಥೆಗಳ ನಿಯಮ ಹತ್ತು ವರ್ಷ ಆಗಿರಬೇಕು ಅಂತ. ವಯಸ್ಸು ಆಗಿದೆ. ಆದರೆ ಈ ಸಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಚಳಿ ತಡೆಯದ ಮಗು ಕೆಳಗೆ ಹೋದಾಗ ಮೇಷ್ಟ್ರಿಗೆ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲ, ಮೇಷ್ಟ್ರು ಬೈದಾರು ಅಂತ ತಡೆದುಕೊಳ್ಳುತ್ತದೆ. ಮೊದಲು ಮೇಲಿಂದ ನೋಡಿ ನೀರಿನ ಭಯ, ಚಳಿ ಎರಡೂ ಅಳತೆಗೆ ಸಿಗಲಿ.

ಕೋಡಿಬಾಗದ ತಂಗಿ ಹವಳದ ಬಗ್ಗೆ ಬರೆದದ್ದಕ್ಕೆ ನನ್ನದೂ ಒಂದು ಮಾತು. ಬಿಸಿ ಜಾಸ್ತಿಯಾದ ಬೇಸಿಗೆಗಳಲ್ಲಿ ನೇತ್ರಾಣಿಯ ಬಂಡೆ ಮೇಲೂ ಅಲ್ಲಲ್ಲಿ ಬಿಳಿ ಮಚ್ಚೆ ಕಂಡಿದ್ದೇನೆ. ಆಗ ಪ್ರವಾಸಿಗಳನ್ನು ಆ ಬದಿಗೆ ಕರೆದುಕೊಂಡು ಹೋಗಲು ಮನಸ್ಸು ಬರುವುದಿಲ್ಲ. ಅಕ್ಕನ ನಾದಿನಿ ಮಕ್ಕಳಿಗೆ ಮೇ ತಿಂಗಳೇ ಆಗಬೇಕಂದರೆ ಆ ಸಲ ಮುರ್ಡೇಶ್ವರಕ್ಕೆ ಬಂದು ದಡದಲ್ಲಿ ಆಡಿ ಹೋಗಲಿ. ದ್ವೀಪಕ್ಕೆ ಡಿಸೆಂಬರ್‌ನಲ್ಲಿ ಬನ್ನಿ.

ಬೆಣ್ಣೆನಗರಿ ಅಮ್ಮ

ಸರಿ, ಡಿಸೆಂಬರ್ ಅಂತ ತೀರ್ಮಾನ ಮಾಡಿದೆವು. ನಾದಿನಿಗೂ ಹೇಳಿ ಒಪ್ಪಿಸಿದೆ, ಅವರ ಮಕ್ಕಳಿಗೂ ಆ ವಾರ ರಜೆ ಇದೆಯಂತೆ. ಎರಡು ರಾತ್ರಿ ಉಳಿಯುತ್ತೇವೆ. ನನಗೆ ವರ್ಷಕ್ಕೆ ಒಂದೆರಡು ಸಲ ಶೀತ ಆಗಿ ಮೂಗು ಕಟ್ಟುತ್ತೆ. ಹೊರಡುವ ಹೊತ್ತಿಗೆ ಹಾಗಾದರೆ ಮಾತ್ರೆ ತಗೊಂಡು ಇಳಿಯಬಹುದಾ? ಬೋಟಿನವರಿಗೆ ಫೋನ್ ಮಾಡಿದಾಗ ಏನೇನು ಕೇಳಬೇಕು?

ಪಾತಿದೋಣಿ, ಹೊನ್ನಾವರ

ಶೀತ ಇದ್ದರೆ ಸ್ಕೂಬಾ ಇಳಿಯಲೇಬೇಡಿ ಅಕ್ಕಾ. ಕೆಳಗೆ ಹೋಗುತ್ತಾ ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ. ಮೂಗು ಕಟ್ಟಿದ್ದರೆ ಅದು ಆಗುವುದಿಲ್ಲ, ಕಿವಿಗೆ ಪೆಟ್ಟಾಗುತ್ತದೆ. ಮಾತ್ರೆ ತಗೊಂಡರೆ ಕೆಳಗಿರುವಾಗಲೇ ಅದರ ಶಕ್ತಿ ಇಳಿದು ಮೇಲೆ ಬರುವಾಗ ಕಷ್ಟ ಆಗಬಹುದು. ಆ ದಿನ ಮಗಳ ಜೊತೆ ಮೇಲೆಯೇ ತೇಲಿ. ಅಸ್ತಮಾ, ಹೃದಯದ ತೊಂದರೆ, ಬಿಪಿ ಏನಾದರೂ ಇದ್ದರೆ ಫಾರಂ ತುಂಬುವಾಗ ಮುಚ್ಚಿಡಬೇಡಿ, ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ.

ಫೋನಿನಲ್ಲಿ ಮೊದಲು ಕೇಳಬೇಕಾದ್ದು, ಒಬ್ಬ ಮೇಷ್ಟ್ರು ಒಂದು ಸಲಕ್ಕೆ ಎಷ್ಟು ಜನರನ್ನು ಇಳಿಸುತ್ತಾರೆ ಅಂತ. ಮೊದಲ ಸಲದವರಿಗೆ ಒಬ್ಬರಿಗೆ ಒಬ್ಬ ಮೇಷ್ಟ್ರು ಅಂದರೆ ಮಾತ್ರ ದುಡ್ಡು ಕಟ್ಟಿ. ಮಗಳ ಅಳತೆಯ ವೆಟ್‌ಸೂಟ್, ಮುಖವಾಡ, ಲೈಫ್ ಜಾಕೆಟ್ ಇದೆಯಾ ಅಂತ ಬೇರೆ ಬೇರೆಯಾಗಿ ಕೇಳಿ. ದೊಡ್ಡವರ ಮುಖವಾಡ ಮಕ್ಕಳ ಕೆನ್ನೆಗೆ ಕೂರುವುದಿಲ್ಲ, ನೀರು ಸೋರುತ್ತಲೇ ಇರುತ್ತದೆ. ಸ್ನಾರ್ಕೆಲಿಂಗ್ ಮಾಡುವ ಮಕ್ಕಳ ಜೊತೆ ನೀರಿನಲ್ಲಿ ಯಾರಿರುತ್ತಾರೆ, ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ, ಹವೆ ಕೆಟ್ಟು ಬೋಟು ಹೋಗದಿದ್ದರೆ ದುಡ್ಡು ವಾಪಸ್ಸಾ ಅಥವಾ ಮಾರನೇ ದಿನಕ್ಕೆ ಹಾಕುತ್ತಾರಾ, ಇಷ್ಟನ್ನೂ ಕೇಳಿ. ಎರಡು ರಾತ್ರಿ ಉಳಿಯುವುದರಿಂದ ನಿಮಗೆ ಒಂದು ದಿನ ಕೈಯಲ್ಲಿರುತ್ತದೆ, ಅದು ಒಳ್ಳೆಯದಾಯಿತು. ಮೊದಲ ಬೋಟಿಗೇ ಹೆಸರು ಕೊಡಿ. ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ಸಾಕು, ಎಣ್ಣೆ ಪದಾರ್ಥ ಬೇಡ. ತೆರೆಗೆ ವಾಂತಿ ಆಗುವವರಿದ್ದರೆ ಮಾತ್ರೆಯನ್ನು ಬೋಟು ಹತ್ತುವ ಒಂದು ಗಂಟೆ ಮೊದಲೇ ಕೊಡಿ. ಎಷ್ಟು ಕೊಡಬೇಕು, ನೀರಿಗೆ ಇಳಿಯುವವರು ತಗೊಳ್ಳಬಹುದಾ ಅನ್ನುವುದನ್ನು ಡಾಕ್ಟರನ್ನೇ ಕೇಳಿ.

ಯಜಮಾನರಿಗೂ ಒಂದು ಮುಖವಾಡ ಇಟ್ಟಿರಲು ಹೇಳಿ. ಬೋಟಿನಲ್ಲೇ ಕೂರುತ್ತೇನೆ ಅಂದವರು ಎಷ್ಟೋ ಜನ ಅಲ್ಲಿಗೆ ಹೋದ ಮೇಲೆ ಏಣಿ ಹಿಡಿದು ಇಳಿದುಬಿಟ್ಟಿದ್ದಾರೆ.